ತೂಕಕ್ಕೆ ಬಾರದ ಮೊಟ್ಟೆಗಳು

ಜುಲೈ 9

ಬಸ್ಸಿನಲ್ಲಿ ಬಂದೆ. ಟಿಕೆಟ್ ತೆಗೆದುಕೊಂಡೇ ಬಂದೆ. ಮೂವತ್ತು ವರ್ಷ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ, ಟಿಕೆಟ್ ಇಲ್ಲದವರಿಗೆ ದಂಡ ಹಾಕಿ ಇಳಿಸಿದ ಚೆಕಿಂಗ್ ಇನ್ಸ್‌ಪೆಕ್ಟರ್ ನಾನು. ನಿವೃತ್ತನಾದರೂ ಚಾಳಿ ಬಿಟ್ಟಿಲ್ಲ, ಪಕ್ಕದಲ್ಲಿ ಕೂತವನ ಟಿಕೆಟ್ಟನ್ನೂ ಕತ್ತು ಚಾಚಿ ನೋಡಿದೆ. ಇತ್ತು. ಸ್ವಲ್ಪ ಬೇಜಾರಾಯಿತು.

ಅಕ್ಕ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. "ಎರಡು ವಾರ ಬಂದಿರು, ಬಾತು ನೋಡ್ಕೊಂಡ್ರೆ ಸಾಕು" ಎಂದಿದ್ದಳು ಫೋನಿನಲ್ಲಿ. ಇಲ್ಲಿ ಬಂದು ನೋಡಿದರೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಇದು ಎರಡು ವಾರದ ಕಾಲಲ್ಲ. ನನ್ನನ್ನು ಕರೆಸಿಕೊಳ್ಳಲು ಹೇಳಿದ ಶುದ್ಧ ಸುಳ್ಳು. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದಾಗ ಇದೇ ಅಕ್ಕನಿಗೆ ನಾನು ದಂಡ ಹಾಕಿದ್ದೆ. ಇಪ್ಪತ್ತು ವರ್ಷವಾದರೂ ಅವಳು ಅದನ್ನು ಮರೆತಿಲ್ಲ. ನಾನೂ ಮರೆತಿಲ್ಲ. ನಿಯಮ ಎಂದರೆ ನಿಯಮ.

ನನ್ನ ಚೀಲದಲ್ಲಿ ಎರಡು ಅಂಗಿ, ಚಹಾ ಪುಡಿ, ಬಿಸ್ಕತ್ತಿನ ಪೊಟ್ಟಣಗಳು, ಬಿಸ್ಕತ್ತು ಹಾಕಿಡಲು ತಗಡಿನ ಡಬ್ಬಿ. ಒಂಟಿ ಗಂಡಸಿಗೆ ಮೂರು ಹೊತ್ತಿಗೂ ಇಷ್ಟು ಸಾಕು ಎನ್ನುವುದು ನನ್ನ ಸಿದ್ಧಾಂತ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ, ಸೊಪ್ಪು ತಿನ್ನಿ, ನಡೆಯಿರಿ ಎಂದು ಡಾಕ್ಟರು ಮಾತ್ರೆ ಕೊಟ್ಟು ಹೇಳಿದ್ದಾರೆ. ಡಾಕ್ಟರು ಏನಾದರೂ ಹೇಳಲೇಬೇಕಲ್ಲ.

ನಾನು ಮಲಗಬೇಕಾದ ಕೋಣೆಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಮೇಲೊಂದು ಬಲ್ಬು, ಒಳಗೆ ಐವತ್ತು ಚಿಲ್ಲರೆ ಬಾತು ಮರಿ. ಎಲ್ಲ ಒಟ್ಟಿಗೆ ಮಾತಾಡುತ್ತವೆ, ಯಾವುದೂ ಕೇಳಿಸಿಕೊಳ್ಳುವುದಿಲ್ಲ. ಕೊನೆಯ ಬಸ್ಸಿನ ಹಿಂದಿನ ಸೀಟು ಇದ್ದಂತಿದೆ.

ಜುಲೈ 11

ವಿಷಯ ಏನೆಂದು ಇವತ್ತು ಪೂರ್ತಿ ಗೊತ್ತಾಯಿತು.

ಅಕ್ಕನ ಗಂಡ ಹೋದ ಮೇಲೆ ಗದ್ದೆ ಎರಡು ಪಾಲಾಗಿದೆ. ಒಂದು ಪಾಲು ಅಕ್ಕನದು, ಇನ್ನೊಂದು ಅವಳ ಮೈದುನನದು. ನಡುವೆ ಒಂದು ಬದು. ಈ ಮೈದುನರಾಯ ಬೆನ್ನಿಗೆ ಔಷಧಿ ಪಂಪು ಕಟ್ಟಿಕೊಂಡೇ ಹುಟ್ಟಿದವನ ಹಾಗೆ ಓಡಾಡುತ್ತಾನೆ. ಹೋದ ವರ್ಷ ಅವನು ಎರಡೂ ಪಾಲಿಗೆ ಔಷಧಿ ಹೊಡೆದ ಮರುದಿನ ಅಕ್ಕನ ಗದ್ದೆಯ ಮೂಲೆಗುಂಡಿಯ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವಂತೆ. ಅಕ್ಕ ಬುಟ್ಟಿಯಲ್ಲಿ ತುಂಬಿ ಹೂತಳು. ಅಂದಿನಿಂದ ತನ್ನ ಪಾಲಿಗೆ ಪಂಪು ಬರಕೂಡದು, ಗೊಬ್ಬರದಂಗಡಿಯ ಮೂಟೆ ಬರಕೂಡದು ಎಂದು ಹಟ ಹಿಡಿದಿದ್ದಾಳೆ. ಕಳೆ ತೆಗೆಯಲು ಬಾತು, ಹುಳ ತಿನ್ನಲು ಬಾತು, ಗೊಬ್ಬರ ಹಾಕಲೂ ಬಾತು. ಒಂದೇ ನೌಕರನಿಗೆ ಮೂರು ಹುದ್ದೆ, ಸಂಬಳ ಮಾತ್ರ ಇಲ್ಲ.

ಮೈದುನ ಒಂದು ಬೆಳೆಗೆ ಒಪ್ಪಿದ್ದಾನೆ. ಅವಳ ಪಾಲಿನ ಭತ್ತ ಅವನ ಪಾಲಿಗಿಂತ ಕಡಿಮೆ ತೂಗಿದರೆ ಮುಂದಿನ ವರ್ಷದಿಂದ ಎರಡನ್ನೂ ಅವನೇ ಮಾಡುವುದು; ಅಕ್ಕನ ಪಾಲಿನ ಅಕ್ಕಿ ಅವಳ ಮನೆ ಬಾಗಿಲಿಗೆ ಬರುತ್ತದೆ.

"ಮೊಟ್ಟೆನೂ ಲೆಕ್ಕಕ್ಕೆ ಹಿಡೀಬೇಕು ಅಂದೆ. ಮೀನೂ, ಬದುವಿನ ಸೊಪ್ಪೂ" ಎಂದಳು ಅಕ್ಕ. "ಅವನು ನಕ್ಕ. ಮಾತು ಆಗಿರೋದು ಭತ್ತದ್ದು ಅತ್ತಿಗೆ, ಮೊಟ್ಟೆದಲ್ಲ ಅಂದ."

"ಅವನು ಹೇಳಿದ್ದು ಸರಿ ಇದೆಯಲ್ಲ" ಎಂದೆ.

ಊಟಕ್ಕೆ ತಣ್ಣಗಿನ ಅನ್ನ ಬಂತು.

ಜುಲೈ 26

ಗದ್ದೆಗೆ ಬಾತು ಬಿಟ್ಟೆವು. ಅಂದರೆ ನಾನು ಬಿಟ್ಟೆ, ಅಕ್ಕ ಹಿತ್ತಿಲ ಬಾಗಿಲಲ್ಲಿ ಮಂಚ ಹಾಕಿಸಿಕೊಂಡು ಅಪ್ಪಣೆ ಕೊಟ್ಟಳು. ಕೂಗಿದರೆ ಗಂಟಲು ನೋಯುತ್ತದೆಂದು ಸ್ಟೀಲ್ ತಟ್ಟೆಯೊಂದು, ಸೌಟೊಂದು ಇಟ್ಟುಕೊಂಡಿದ್ದಾಳೆ. ನಾನು ತಪ್ಪು ಮಾಡಿದಾಗೆಲ್ಲ ತಟ್ಟೆ ಬಡಿಯುತ್ತಾಳೆ. ಇವತ್ತು ಬೆಳಗಿನಿಂದ ತಟ್ಟೆಗೆ ಬಿಡುವಿರಲಿಲ್ಲ.

ಸುತ್ತ ಬಲೆ ಕಟ್ಟಿದ್ದೇವೆ, ನಾಯಿ ನುಗ್ಗಬಾರದೆಂದು. ಬಾತುಗಳು ನೀರಿಗೆ ಬಿದ್ದದ್ದೇ ತಡ, ಕೆಸರು ಕಲಕುತ್ತ ಸಾಲುಗಳ ಮಧ್ಯೆ ಓಡಿದವು. ಕಲಕಿದ ನೀರಿನಲ್ಲಿ ಕಳೆ ಮೊಳೆಯುವುದಿಲ್ಲವಂತೆ. ಅವಕ್ಕೆ ಅದೆಲ್ಲ ಏನೂ ಗೊತ್ತಿಲ್ಲ, ಸುಮ್ಮನೆ ಹೊಟ್ಟೆಪಾಡು. ಒಂದು ಮಾತ್ರ ಎಲ್ಲರಿಗಿಂತ ಹಿಂದೆ ನಿಂತು, ಯಾರು ಹತ್ತಿದರು ಯಾರು ಇಳಿದರು ಎಂದು ಗಂಟಲು ಹರಿದುಕೊಳ್ಳುತ್ತದೆ. ಕಂಡಕ್ಟರ್ ಎಂದು ಹೆಸರಿಟ್ಟೆ. ನನ್ನ ಅನುಭವದಲ್ಲಿ ಕಂಡಕ್ಟರುಗಳು ನಂಬಿಕೆಗೆ ಅರ್ಹರಲ್ಲ, ಆದರೂ.

ಮೈದುನರಾಯ ಬದುವಿನ ಮೇಲೆ ನಿಂತು ನೋಡಿದ. "ಭಾವ, ನೀವು ಬಸ್ಸು ಹಿಡೀತಿದ್ದೋರು, ಈಗ ಬಾತು ಹಿಡೀತಿದೀರಲ್ಲ" ಎಂದ. ಉತ್ತರ ಕೊಡೋಣವೆಂದು ಹೆಜ್ಜೆ ಎತ್ತಿದೆ, ಚಪ್ಪಲಿ ಕೆಸರಿನಲ್ಲೇ ಉಳಿಯಿತು.

ಆಗಸ್ಟ್ 4

ಇವುಗಳಿಗೆ ಅನ್ಯಾಯವಾಗುತ್ತಿದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಡ್ಯೂಟಿಗೆ ಕಳಿಸಬೇಕಂತೆ, ಸಂಜೆ ಗೂಡಿಗೆ ಬಂದ ಮೇಲೆ ಒಂದು ಹಿಡಿ ನುಚ್ಚು ಅಷ್ಟೇ ಅಂತೆ. ಯಾವ ಇಲಾಖೆಯಲ್ಲೂ ಇಂಥ ದಬ್ಬಾಳಿಕೆ ಇಲ್ಲ. ಇವತ್ತೂ ಅಕ್ಕ ಏಳುವ ಮೊದಲೇ ಒಂದು ಬೋಗುಣಿ ನುಚ್ಚು ಹಾಕಿದೆ. ಮೇಲೆ ಎರಡು ಬಿಸ್ಕತ್ತು ಪುಡಿ ಮಾಡಿ ಉದುರಿಸಿದೆ. ಡಬ್ಬಿ ಅಲ್ಲಾಡಿಸಿದ ಸದ್ದಿಗೇ ಕಂಡಕ್ಟರ್ ನನ್ನ ಕಾಲ ಬೆರಳು ಕಚ್ಚುತ್ತದೆ. ಇಷ್ಟು ಸಂತೋಷದಿಂದ ನನ್ನನ್ನು ಯಾರೂ ಎದುರುಗೊಂಡದ್ದು ನೆನಪಿಲ್ಲ.

ಮನೆಯಲ್ಲಿರುವ ಹಳೆಯ ಬಾತುಗಳು ದಿನಾ ಮೊಟ್ಟೆ ಇಡುತ್ತವೆ. ಅದರಲ್ಲಿ ಅರ್ಧ ಮೈದುನರಾಯನ ಮನೆಗೆ. ಅವನ ಸೊಸೆ ಬಸುರಿ, ಮೈಯಲ್ಲಿ ರಕ್ತ ಇಲ್ಲವೆಂದು ನರ್ಸಮ್ಮ ಗದರಿಸಿ ಹೋಗಿದ್ದಾಳೆ. ಎದುರಾಳಿಯ ಮನೆಗೆ ಮೊಟ್ಟೆ ಹೊರುವ ಕೆಲಸವೂ ನನ್ನದೇ. ಉಳಿದ ಮೊಟ್ಟೆಯನ್ನು ಅಕ್ಕ ನನ್ನ ತಟ್ಟೆಗೆ ಬಡಿಸುತ್ತಾಳೆ. ಬೇಡವೆಂದರೆ ಸೌಟು ಎತ್ತುತ್ತಾಳೆ.

ಆಗಸ್ಟ್ 16

ಸಿಕ್ಕಿಬಿದ್ದೆ.

ಸಾಲುಗಳ ನಡುವೆ ಹಸಿರು ಹಸಿರಾಗಿ ಏನೋ ಎದ್ದಿದೆ. ಭತ್ತ ಚೆನ್ನಾಗಿ ಬರುತ್ತಿದೆ ಎಂದು ನಾನು ಹಿಗ್ಗಿದ್ದೆ. ಕಳೆಯಂತೆ. ಬಾತುಗಳು ಬದುವಿನ ನೆರಳಲ್ಲಿ ಹೊಟ್ಟೆ ಊರಿ ಮಲಗಿದ್ದವು, ಮಧ್ಯಾಹ್ನದ ಸರ್ಕಾರಿ ಕಚೇರಿಯ ಹಾಗೆ. ನಾನು ಹತ್ತಿರ ಹೋದದ್ದೇ ತಡ, ಎಲ್ಲವೂ ಎದ್ದು ನನ್ನ ಕಡೆ ಓಡಿಬಂದವು. ತಟ್ಟೆ ಬಡಿಯಿತು.

"ಇಲ್ಲಿ ಬಾ" ಎಂದಳು ಅಕ್ಕ. "ನಿನ್ನ ಕಂಡ್ರೆ ಯಾಕೆ ಓಡ್ಬರ್ತವೆ?"

"ಪ್ರೀತಿ."

"ಏನ್ ಹಾಕ್ತಿದೀಯ?"

ನನ್ನ ಮುಂದೆ ಎಷ್ಟೋ ಜನ ಜೇಬು ತಡವಿಕೊಳ್ಳುತ್ತ ನಿಂತದ್ದುಂಟು. ನಾನೂ ಹಾಗೆಯೇ ನಿಂತೆ. ಕೊನೆಗೆ ಹೇಳಿದೆ. ಅಕ್ಕ ಬೈಯಲಿಲ್ಲ. ಅದೇ ಕಷ್ಟವಾಯಿತು.

"ಹೊಟ್ಟೆ ತುಂಬಿದ ಬಾತು ಕೆಲಸ ಮಾಡಲ್ಲ ಕಣೋ" ಎಂದಳು. "ಹಸಿದಿದ್ರೆ ತಾನೇ ಕಳೆ ಹುಡುಕೋದು, ಹುಳ ಹುಡುಕೋದು. ಈ ಗದ್ದೆ ಹೋದ್ರೆ ನಾನು ಅವನು ತಂದುಹಾಕೋ ಚೀಲ ಕಾಯ್ಕೊಂಡು ಬಾಗಿಲಲ್ಲಿ ಕೂತಿರ್ಬೇಕು. ಅದನ್ನ ನೀನು ಬಿಸ್ಕತ್ತಲ್ಲಿ ಮುಗಿಸ್ಬಿಟ್ಟೆ."

ನನಗೆ ನಾಚಿಕೆಯಾಯಿತು. ಅದು ನನ್ನ ವೃತ್ತಿಜೀವನದಲ್ಲಿ ಯಾವಾಗಲೂ ಬೇರೆಯವರಿಗೆ ಆಗುತ್ತಿದ್ದದ್ದು.

ಆಗಸ್ಟ್ 17

ಕಳೆ ಕಿತ್ತೆ. ಸೊಂಟ ಎಂಬುದೊಂದು ಇದೆ ಎಂದು ತಿಳಿಯಿತು.

ಆಗಸ್ಟ್ 19

ಕಳೆ.

ಆಗಸ್ಟ್ 25

ಇವತ್ತಿಗೆ ಕಳೆ ಮುಗಿಯಿತು. ಕಿತ್ತದ್ದರಲ್ಲಿ ಅರ್ಧವನ್ನು ಅಕ್ಕ ತಿನ್ನುವ ಸೊಪ್ಪೆಂದು ಬೇರೆ ತೆಗೆದು ಬೇಯಿಸುತ್ತಿದ್ದಾಳೆ. ನನ್ನ ಅಪರಾಧವನ್ನು ನನಗೇ ಬಡಿಸುವುದು ಅವಳ ಶಿಕ್ಷಾ ಪದ್ಧತಿ. ಮೂಲೆಗುಂಡಿಯ ಮೀನು ಜೊತೆಗಿದ್ದರೆ ತಿನ್ನಬಹುದು, ಸುಳ್ಳೇಕೆ ಹೇಳಲಿ. ಎರಡನೆಯ ಸಲ ಬಡಿಸಿಕೊಂಡೆ, ಪಾತ್ರೆ ಖಾಲಿಯಾಗಲಿ ಎಂದಷ್ಟೇ.

ಬೆಳಗ್ಗೆ ಬಾತುಗಳಿಗೆ ಏನೂ ಇಲ್ಲ. ಗೂಡಿನ ಬಾಗಿಲು ತೆಗೆದು ಆಚೆ ಮುಖ ಮಾಡಿ ನಿಲ್ಲುತ್ತೇನೆ. ಕಂಡಕ್ಟರ್ ಬೈದುಕೊಂಡು ನೀರಿಗಿಳಿಯುತ್ತದೆ.

ಪ್ಯಾಂಟು ಜಾರುತ್ತಿದೆ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ. ಬೆಲ್ಟು ಕಳಪೆ ಮಾಲು, ಹಿಗ್ಗಿದೆ.

ಸೆಪ್ಟೆಂಬರ್ 6

ಬೆಳಗ್ಗೆ ಮೈದುನರಾಯನ ಹೆಂಡತಿ ಅಕ್ಕನನ್ನು ಪ್ಲಾಸ್ಟರ್ ಬಿಚ್ಚಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾಳೆ ಬರುತ್ತಾರೆ. ಹಿತ್ತಿಲಿನಲ್ಲಿ ತಟ್ಟೆ ಸುಮ್ಮನಿದೆ.

ಬೆಳಗ್ಗೆ ಗದ್ದೆ ಸುತ್ತುವಾಗ ನಡುಭಾಗದಲ್ಲಿ ಚಾಪೆಯಷ್ಟಗಲ ಪೈರು ಹಳದಿಯಾಗಿ ಸುಟ್ಟಂತೆ ಕಂಡಿತು. ಬುಡ ಬಿಡಿಸಿ ನೋಡಿದೆ. ಸಾಸಿವೆಯಂಥ ಕಂದು ಹುಳಗಳು ಕಾಂಡಕ್ಕೆ ಅಂಟಿ ಕೂತಿವೆ, ಹಬ್ಬದ ರಷ್ಷಿನಲ್ಲಿ ಫುಟ್‌ಬೋರ್ಡಿಗೆ ಜೋತುಬಿದ್ದವರ ಹಾಗೆ. ಒಂದರ ಹತ್ತಿರವೂ ಟಿಕೆಟ್ ಇಲ್ಲ.

ಮೈದುನರಾಯ ಆಗಲೇ ಬದುವಿನ ಮೇಲಿದ್ದ, ಬೆನ್ನಿಗೆ ಪಂಪು.

"ಜಿಗಿಹುಳ ಭಾವ. ರಸ ಹೀರಿ ಒಂದು ವಾರದಲ್ಲಿ ಗದ್ದೆ ಮುಗಿಸ್ತವೆ. ನಂದಕ್ಕೆ ನೆನ್ನೆನೇ ಹೊಡೆದೆ."

"ಅಕ್ಕ ಬರ್ಲಿ."

"ಅತ್ತಿಗೆ ಬಂದ್ರೆ ಬೇಡ ಅಂತಾರೆ. ಅದಕ್ಕೇ ಇವತ್ತು ಬಂದೆ. ಬಾತು ಗೂಡಲ್ಲಿ ಹಾಕಿ, ಒಂದ್ ಸಲ ಹೊಡೀತೀನಿ, ಯಾರಿಗೂ ಹೇಳಲ್ಲ. ಬೆಳೆ ಉಳಿಯುತ್ತೆ, ಗದ್ದೆ ಅವರ ಹತ್ರನೇ ಉಳಿಯುತ್ತೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಈ ಮನುಷ್ಯ ತಾನು ಸೋಲಲು ಸಹಾಯ ಕೇಳುತ್ತಿದ್ದಾನೆ. ಇವನನ್ನು ಎರಡು ತಿಂಗಳಿಂದ ಶತ್ರು ಎಂದುಕೊಂಡು ಮೊಟ್ಟೆ ಹೊತ್ತಿದ್ದೆ.

ಹೂಂ ಎನ್ನೋಣವೆಂದೇ ಬಾಯಿ ತೆರೆದೆ. ಆಗ ಮೂಲೆಗುಂಡಿಯಲ್ಲಿ ಒಂದು ಮೀನು ನೀರು ಸಿಡಿಸಿತು. ಅಕ್ಕ ಬುಟ್ಟಿ ತುಂಬಿ ಹೂತದ್ದು ನೆನಪಾಯಿತು. ನಾಳೆ ಅವಳು ಮನೆಗೆ ಬಂದು ಆ ವಾಸನೆ ಹಿಡಿದರೆ ನಾನು ಯಾವ ಮುಖ ತೋರಿಸಲಿ? "ನನ್ನ ಬಾತುಗಳು ಇನ್ನೂ ಡ್ಯೂಟಿಯಲ್ಲಿವೆ, ಪಂಪು ಇಳಿಸಿ" ಎಂದೆ.

"ಬಾತು ಸಾಲಿನಲ್ಲಿ ಹೋಗ್ತವೆ, ಹುಳ ಇರೋ ಕಡೆ ಹೋಗಿ ಅಂದ್ರೆ ಹೋಗ್ತಾವಾ?"

ಹೋಗುವುದಿಲ್ಲ. ಬಾತಿಗೆ ದಾರಿ ಹೇಳಿಕೊಡಲು ಸಾಧ್ಯವಿಲ್ಲ. ಆದರೆ ನನ್ನ ಬಾತುಗಳು ಕೆಟ್ಟುಹೋದ ಬಾತುಗಳು. ಕೆಡಿಸಿದವನು ನಾನೇ. ಒಳಗೆ ಹೋಗಿ ತಗಡಿನ ಡಬ್ಬಿ ತಂದೆ. ಬಿಸ್ಕತ್ತು ಎಂದೋ ಮುಗಿದಿದೆ, ಎರಡು ಕಲ್ಲು ಹಾಕಿ ಹಳದಿಯಾದ ಜಾಗದ ನಡುವೆ ನಿಂತು ಅಲ್ಲಾಡಿಸಿದೆ. ಐವತ್ತು ಚಿಲ್ಲರೆ ಬಾತುಗಳು ಗದ್ದೆಯ ಎಲ್ಲ ದಿಕ್ಕಿನಿಂದ ಬಿದ್ದಂಬೀಳ ಓಡಿ ಬಂದವು. ಬಿಸ್ಕತ್ತು ಸಿಗಲಿಲ್ಲ. ಹೊಟ್ಟೆ ಹಸಿದಿತ್ತು. ನನ್ನ ಮುಖ ನೋಡಿದವು, ಆಮೇಲೆ ಪೈರಿನ ಬುಡ ನೋಡಿದವು.

ಮೈದುನರಾಯ ಬಗ್ಗಿ ಪೈರಿನ ಬುಡ ನೋಡಿದ. ಆಮೇಲೆ ಪಂಪು ಇಳಿಸಿದ. "ಮೇಲೆ ಕೂತಿರೋ ಹುಳ ಅವಕ್ಕೆ ಎಟುಕಲ್ಲ. ನಮ್ಮಮ್ಮ ಪೈರಿನ ಮೇಲೆ ಹಗ್ಗ ಎಳೀತಿದ್ಲು, ಹುಳ ನೀರಿಗೆ ಬೀಳ್ಲಿ ಅಂತ" ಎಂದು ಮನೆಗೆ ಹೋಗಿ ಹಗ್ಗ ತಂದ. ಒಂದು ತುದಿ ಅವನು, ಒಂದು ತುದಿ ನಾನು. ಡಬ್ಬಿ ನನ್ನ ಸೊಂಟಕ್ಕೆ. ನಾವು ಎಳೆಯುತ್ತ ಹೋದಂತೆ ಹುಳ ಉದುರುತ್ತಿತ್ತು, ಹಿಂದೆಯೇ ಬಾತು.

"ಮೂರು ದಿನ ನೋಡ್ತೀನಿ. ಇಳೀಲಿಲ್ಲ ಅಂದ್ರೆ ಹೊಡೆದೇ ಹೊಡೀತೀನಿ. ಮತ್ತೆ ನಾನು ಹಗ್ಗ ಹಿಡಿದಿದ್ದು ಯಾರಿಗೂ ಹೇಳ್ಬೇಡಿ."

ಮೋಸ ಹಿಡಿಯುವುದೇ ಕಸುಬಾಗಿದ್ದವನು ಈಗ ಖಾಲಿ ಡಬ್ಬಿ ತೋರಿಸಿ ಬಾತುಗಳಿಗೆ ಮೋಸ ಮಾಡುತ್ತಿದ್ದೇನೆ. ಸಂಜೆ ಪ್ರಾಯಶ್ಚಿತ್ತವಾಗಿ ನುಚ್ಚು ಎರಡು ಹಿಡಿ ಹಾಕಿದೆ. ನಿಯಮದಲ್ಲಿ ಒಂದೇ ಹಿಡಿ.

ಸೆಪ್ಟೆಂಬರ್ 9

ಹುಳ ಇಳಿದಿದೆ. ಪೂರ್ತಿ ಹೋಗಿಲ್ಲ, ಚಾಪೆಯಷ್ಟು ಜಾಗ ಸತ್ತೇ ಹೋಯಿತು. ಆದರೆ ಹಬ್ಬಲಿಲ್ಲ. ಅಕ್ಕ ಊರುಗೋಲು ಹಿಡಿದು ಬದುವಿಗೆ ಬಂದು ನೋಡಿದಳು. ಮೈದುನರಾಯ ಅವಳನ್ನು ಕಂಡದ್ದೇ ಹಗ್ಗ ಕೈಬಿಟ್ಟು ಆಕಾಶ ನೋಡುತ್ತ ನಿಂತ.

"ಇದೇನು ನೀನು ಇಲ್ಲಿ?" ಎಂದಳು.

"ಸುಮ್ನೆ ಅತ್ತಿಗೆ. ಗಾಳಿಗೆ ಬಂದೆ."

ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಗಾಳಿಗೆ ಬಂದವನನ್ನು ಮೊದಲ ಸಲ ನೋಡಿದೆ.

ಸೆಪ್ಟೆಂಬರ್ 27

ತೆನೆ ಹೊರಬೀಳುತ್ತಿದೆ. ಇನ್ನು ಬಾತುಗಳನ್ನು ಗದ್ದೆಯಲ್ಲಿ ಬಿಟ್ಟರೆ ಭತ್ತವನ್ನೇ ತಿನ್ನುತ್ತವೆ, ಹೊರಗೆ ತರಬೇಕು ಎಂದಳು ಅಕ್ಕ. ಹೆಣ್ಣುಗಳನ್ನು ಮೊಟ್ಟೆಗೆ ಇಟ್ಟುಕೊಳ್ಳುವುದು, ಗಂಡುಗಳು ನಾಳೆ ಪೇಟೆಗೆ.

"ಪೇಟೆಗೆ ಯಾಕೆ?" ಎಂದೆ.

ಅಕ್ಕ ನನ್ನ ಮುಖ ನೋಡಿದಳು. "ಸಿನಿಮಾ ನೋಡೋಕೆ" ಎಂದಳು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ದುಡಿಸಿಕೊಂಡು, ಕೆಲಸ ಮುಗಿದ ಕೂಡಲೇ ಸಾಗಹಾಕುವುದು. ನನಗಾದರೂ ಬೀಳ್ಕೊಡುಗೆಯಲ್ಲಿ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು.

ಸೆಪ್ಟೆಂಬರ್ 28

ಗಾಡಿ ಬೆಳಗ್ಗೆ ಬಂದು ಹೋಯಿತು. ನಾನು ಒಳಗೇ ಇದ್ದೆ. ಹೊರಗೆ ಹೋಗಲಿಲ್ಲ.

ಸೆಪ್ಟೆಂಬರ್ 29

ಅಳುಮುಖ ಮಾಡಿಕೊಂಡು ಕೂತಿದ್ದೀಯಲ್ಲ ಎಂದು ಅಕ್ಕ ಕೇಳಿದಳು. ಕಂಡಕ್ಟರ್ ಹೋದನಲ್ಲ ಎಂದೆ.

"ಯಾವುದು, ಆ ಬಾಯಿಬಡುಕಿನಾ? ಗಂಡು ಬಾತಿಗೆ ಅಷ್ಟು ಗಂಟಲೆಲ್ಲಿದೆ? ಬಾಲದ ಗರಿ ಸುರುಳಿ ಇರುತ್ತೆ, ಸ್ವರ ಸೀಳಿರುತ್ತೆ. ಕೂಗೋದೆಲ್ಲ ಹೆಣ್ಣು ಕಣೋ. ಹೋಗು, ಗೂಡು ನೋಡು."

ಗೂಡಿನಲ್ಲಿ ಕಂಡಕ್ಟರ್ ಉಳಿದವರನ್ನೆಲ್ಲ ಬೈಯುತ್ತ ನಿಂತಿತ್ತು. ಎರಡು ದಿನದ ದುಃಖ ದಂಡವಾಯಿತು. ಪೇಟೆಯಿಂದ ಒಂದು ಪೊಟ್ಟಣ ಬಿಸ್ಕತ್ತು ತರಿಸಿದೆ, ನನಗಲ್ಲ.

ಅಕ್ಟೋಬರ್ 20

ನನ್ನ ಡಾಕ್ಟರ ಹತ್ತಿರ ಹೋಗಿದ್ದೆ. ಸಕ್ಕರೆ ಇಳಿದಿದೆಯಂತೆ. ನಾನು ಕೊಟ್ಟ ಮಾತ್ರೆ ಕೆಲಸ ಮಾಡಿದೆ ನೋಡಿ ಎಂದು ಬೀಗಿದರು. ಮಾತ್ರೆ ಜುಲೈನಲ್ಲೇ ಮುಗಿದಿತ್ತು. ಪಾಪ, ಹೇಳಲು ಹೋಗಲಿಲ್ಲ.

ಮೈದುನರಾಯನ ಸೊಸೆಗೆ ಹೆರಿಗೆಯಾಯಿತು. ಹೆಣ್ಣು ಮಗು, ಚೆನ್ನಾಗಿದೆ. ತಾಯಿಗೂ ರಕ್ತ ಕೂಡಿದೆ ಎಂದು ನರ್ಸಮ್ಮ ಈ ಸಲ ಗದರಿಸದೆ ಹೋದಳಂತೆ.

ನವೆಂಬರ್ 8

ಇವತ್ತು ತೂಕ.

ಎರಡೂ ಗದ್ದೆಯ ಭತ್ತ ಒಣಗಿಸಿ ಚೀಲ ತುಂಬಿ ಅಂಗಳದಲ್ಲಿ ಎರಡು ಸಾಲು ಮಾಡಿದ್ದೆವು. ಎಡಕ್ಕೆ ಅವನದು, ಬಲಕ್ಕೆ ನಮ್ಮದು. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಮಡಿಲಲ್ಲಿ ಅದೇ ತಟ್ಟೆ, ಕಾಳು ಆರಿಸುತ್ತಿದ್ದಳು. ಎರಡು ಸಾಲಿನ ವ್ಯತ್ಯಾಸ ನೋಡುವವರಿಗೆ ಕಾಣುತ್ತಿತ್ತು. ನಮ್ಮದರಲ್ಲಿ ಒಂದು ಚೀಲ ಕಡಿಮೆ. ನಾನು ಮತ್ತೆ ಮತ್ತೆ ಎಣಿಸಿದೆ. ಕಳೆ ಎದ್ದ ಜಾಗ, ಹುಳ ತಿಂದ ಜಾಗ, ಎಲ್ಲ ಸೇರಿ ಒಂದು ಚೀಲ. ಅದರಲ್ಲಿ ನನ್ನ ಬಿಸ್ಕತ್ತಿನ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತ ನಿಂತೆ.

ಅಕ್ಕನ ಮುಖ ನೋಡಲಾಗಲಿಲ್ಲ. ತಕ್ಕಡಿ ಸರಿಪಡಿಸುವ ನೆಪದಲ್ಲಿ ಬಗ್ಗಿದೆ. ತಲೆ ಎತ್ತಿದಾಗ ಮೈದುನರಾಯ ತನ್ನ ಸಾಲಿನಿಂದ ಒಂದು ಚೀಲ ಹೆಗಲಿಗೇರಿಸಿ ನಮ್ಮ ಸಾಲಿನ ಕೊನೆಗೆ ಇಳಿಸುತ್ತಿದ್ದ.

ನನ್ನ ಕಣ್ಣಿಗೆ ಬಿದ್ದ. ಅವನ ಮುಖದಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿರುವ ಮುಖ. ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ನೋಡಿದ್ದೇ ಅದನ್ನು.

"ಮೊಟ್ಟೆ ತೂಕ ಹಾಕಿಲ್ವಲ್ಲ ಭಾವ" ಎಂದ ಮೆಲ್ಲಗೆ. "ಮನೆಯೋರೆಲ್ಲ ನಾಲ್ಕು ತಿಂಗಳು ತಿಂದಿದೀವಿ."

ಅಷ್ಟರಲ್ಲಿ ತಟ್ಟೆ ಬಡಿಯಿತು. ಕಾಳು ಚೆಲ್ಲಿತು. ಅಕ್ಕ ನೇರ ನಮ್ಮನ್ನೇ ನೋಡುತ್ತಿದ್ದಳು. ಮೈದುನರಾಯನ ಕಿವಿ ಕೆಂಪಾಯಿತು.

"ಆ ಕೊನೇ ಚೀಲದ ಬಾಯಿ ಬಿಗಿಯಾಗಿ ಕಟ್ಟಿಲ್ಲ" ಎಂದಳು. "ಕಟ್ಟು. ಉದುರಿಹೋಗುತ್ತೆ."

ಕಟ್ಟಿದವನು ನಾನೇ. ಎರಡು ಗಂಟು ಹಾಕಿದೆ. ಆಮೇಲೆ ಸಾಲಾಗಿ ತೂಗಿದೆ, ನಮ್ಮದು ಅವನದಕ್ಕಿಂತ ಮೇಲೆಯೇ ಬಂತು, ಗಟ್ಟಿಯಾಗಿ ಓದಿ ಹೇಳಿದೆ. ಗದ್ದೆ ಅಕ್ಕನದು. ಒಂದು ಚೀಲ ಟಿಕೆಟ್ ಇಲ್ಲದೆ ನನ್ನ ಕಣ್ಣೆದುರೇ ಹತ್ತಿ ಕೂತಿತು, ನಾನು ಕಿಟಕಿಯಾಚೆ ನೋಡಿದೆ.

ಊಟದ ಹೊತ್ತಿಗೆ ಅಕ್ಕ ನನ್ನ ಪಕ್ಕ ಬಂದು ಕೂತಳು. "ಅವತ್ತು ನನಗೆ ದಂಡ ಹಾಕಿದ್ಯಲ್ಲ" ಎಂದಳು.

"ಹಾಕಿದ್ದೆ."

"ಇವತ್ತು ವಸೂಲಾಯ್ತು ಬಿಡು" ಎಂದು ನನ್ನ ತಟ್ಟೆಗೆ ಮೊಟ್ಟೆ ಹಾಕಿದಳು. ಕಣ್ಣು ಮಂಜಾಯಿತು, ಒಲೆಯ ಹೊಗೆ ಇರಬೇಕು. ಒಲೆ ಹಚ್ಚಿರಲಿಲ್ಲ.

ನವೆಂಬರ್ 21

ಕಂಡಕ್ಟರ್ ಮೊದಲ ಮೊಟ್ಟೆ ಇಟ್ಟಿತು. ಇಡೀ ಕೇರಿಗೆ ಕೇಳುವಂತೆ ಕೂಗಿ ಹೇಳಿತು.

ಮೈದುನರಾಯ ಬೆಳಗ್ಗೆ ಬಂದು ಬದುವಿನ ಮೇಲೆ ಕೂತು ಅದೂ ಇದೂ ಮಾತಾಡಿ, ಎದ್ದು ಹೊರಟವನು ತಿರುಗಿ ನಿಂತು, ಮುಂದಿನ ಬೆಳೆಗೆ ನಡುವಿನ ಬಲೆ ತೆಗೆದರೆ ಬಾತುಗಳು ಆ ಕಡೆಗೂ ಬರುತ್ತವಾ ಎಂದು ಕೇಳಿದ. ಡಬ್ಬಿ ನನ್ನ ಹತ್ತಿರವೇ ಇದೆ, ಕರೆದರೆ ಬರುತ್ತವೆ ಎಂದೆ. ಆದರೆ ಪಂಪು ಅಟ್ಟಕ್ಕೆ ಹೋಗಬೇಕು ಎಂದೆ. ಯೋಚಿಸುತ್ತೇನೆ ಎಂದು ಹೋದ.

ಅಕ್ಕ ಈಗ ಕೋಲಿಲ್ಲದೆ ನಡೆಯುತ್ತಾಳೆ. ನನ್ನ ಕೆಲಸ ಮುಗಿದಿದೆ. ಸೋಮವಾರದ ಮೊದಲ ಬಸ್ಸಿಗೆ ಹೊರಡುವುದೆಂದು ತೀರ್ಮಾನಿಸಿ ಚೀಲ ಕಟ್ಟಿದೆ. ಆದರೆ ಸೋಮವಾರ ಬಾಣಂತಿಗೆ ಮೊಟ್ಟೆ ಕೊಟ್ಟು ಬರಬೇಕು, ಗೂಡಿಗೆ ಹೊಸ ಹುಲ್ಲು ಹಾಸಬೇಕು. ಮಂಗಳವಾರ ನೋಡೋಣ.